ಅಣವೀರಪ್ಪನ ಹೆಂಡತಿ

"ಅಣವೀರಪ್ಪ ಕುಡದಿದ್ದ ರೀ, ಸಾಹೇಬ್ರ," ಎಂದಳು ಅವಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. "ಸೀಟಿ ಹೊಡದ್ರು. ಕೆಂಪು ಬಾವುಟಾನೂ ತೋರಿಸಿದ್ರು. ಅಣವೀರಪ್ಪ ಕೇಳಲಿಲ್ಲ."

ಕೊರಗಪ್ಪನಿಗೆ ಮೈಯೆಲ್ಲ ಉರಿಯಿತು. ಮಾಟುಂಗದ ಈ ಸರ್ಕಾರಿ ಗುಮಾಸ್ತ ಸಾವೊಂದರ ತನಿಖೆಗೆ ದುಭಾಷಿಯಾಗಿ ಬೊರಿವಲಿಯ ಕಲ್ಲುಗಣಿಗೆ ಬಂದಿದ್ದ. ಗಣಿ ಇನ್ಸ್‌ಪೆಕ್ಟರ್ ಸಾಹೇಬರಿಗೆ ಕನ್ನಡ ಬಾರದು. ಜೀಪು ಒಳಗೆ ಬರುವಾಗ ಗೇಟಿನಾಚೆ ಕೆಲಸಗಾರರು ಕೂಗುತ್ತಿದ್ದರು: "ಸೀಟಿ ಹೊಡೀಲಿಲ್ರೀ! ಬಾವುಟಾ ಇರಲಿಲ್ರೀ!" ಲಾಠಿ ಹಿಡಿದ ಗಣಿಯ ಕಾವಲುಗಾರರು ಜೀಪು ನಿಲ್ಲಿಸಲು ಬಿಡಲಿಲ್ಲ.

ಕೆಳಗೆ ಜನ ಕಲ್ಲು ಒಡೆಯುತ್ತಿದ್ದಾಗಲೇ ಬಂಡೆ ಸಿಡಿಸುವ ಮದ್ದಿಗೆ ಬೆಂಕಿ ಇಟ್ಟಿದ್ದರು. ಈ ಎಪ್ಪತ್ಮೂರನೇ ಇಸವಿಯಲ್ಲೇ ಇದು ಮೂರನೆಯ ಹೆಣ. ಹೆಂಡತಿಯೇ ಹೀಗೆ ಸಾಕ್ಷಿ ಹೇಳಿದರೆ ಮುಗಿಯಿತು, ಇನ್ನು ಯಾರ ಮಾತು ನಿಲ್ಲುತ್ತದೆ? ತಪ್ಪು ಸತ್ತವನದು. ನಾಳೆಯಿಂದ ಮತ್ತೆ ಸೀಟಿ ಇಲ್ಲದೆ ಮದ್ದು, ಕೆಳಗೆ ಮತ್ತೆ ಅರವತ್ತು ಜನ.

ಅವಳನ್ನು ಕರೆತಂದ ಮುಕದ್ದಮ, ಕೂಲಿಗಳ ಮೇಸ್ತ್ರಿ ಬಸವಂತರಾಯ, ಅವಳ ಬೆನ್ನ ಹಿಂದೆಯೇ ನಿಂತಿದ್ದ. ಮುಂಬಯಿಯ ಚಾಳಿನಲ್ಲೇ ಹುಟ್ಟಿ ಬೆಳೆದವನು. ಕನ್ನಡ ತಿಳಿಯುತ್ತಿತ್ತು, ಆಡಲು ತಡವರಿಸುತ್ತಿದ್ದ.

"ಗಂಡನ ಹೆಸರು... ಸಾಫ್ ಹೇಳ್. ಸಾಹೇಬ್ ಬರೀಬೇಕು," ಎಂದ.

"ಅಣವೀರಪ್ಪ," ಎಂದಳು, ಕೊರಗಪ್ಪನ ಕಣ್ಣಲ್ಲಿ ಕಣ್ಣಿಟ್ಟು. "ನನ್ನ ಗಂಡ ಅಣವೀರಪ್ಪ. ಬರಕೋರಿ. ಅಣವೀರಪ್ಪ."

ಗಣಿ ಆಫೀಸಿನ ಕಿಟಕಿಯಾಚೆ ನಿಂತಿದ್ದ ಕಲ್ಲು ಹೊರುವ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರಿಗಿರುವ ದುಃಖ ಇವಳಿಗಿಲ್ಲವಲ್ಲ! ಏನು ಆಸೆ ತೋರಿಸಿದರೋ, ಏನು ಹೆದರಿಸಿದರೋ. ಆದರೂ ಕೈಹಿಡಿದವನ ಹೆಣಕ್ಕೆ ಮಸಿ ಬಳಿಯುವುದೇ? ಥೂ! ಕೊರಗಪ್ಪ ಹಲ್ಲು ಕಚ್ಚಿಕೊಂಡು ಒಂದೊಂದು ಮಾತನ್ನೂ ಹಿಂದಿಯಲ್ಲಿ ಹೇಳಿದ. ಇನ್ಸ್‌ಪೆಕ್ಟರ್ ಬರೆದುಕೊಂಡರು. ಇನ್ನು ಹೆಬ್ಬೆಟ್ಟು ಒತ್ತುವುದೊಂದೇ ಬಾಕಿ.

"ಆ ಬಾವುಟ ತಂದು ತೋರಿಸು," ಎಂದರು ಇನ್ಸ್‌ಪೆಕ್ಟರ್ ಹಿಂದಿಯಲ್ಲಿ, ಮುಕದ್ದಮನಿಗೆ.

ಬಸವಂತರಾಯನ ಮುಖ ಇಳಿಯಿತು. ಬಾವುಟ ಇದ್ದರಲ್ಲವೇ ತರುವುದು! ಎಲ್ಲಿಂದಾದರೂ ಹುಟ್ಟಿಸಿ ತರಲು ಹೊರಗೆ ಓಡಿದ.

ಅವನು ಬಾಗಿಲು ದಾಟಿದ್ದೇ ತಡ, ಕೊರಗಪ್ಪನ ಸಿಟ್ಟು ನೆತ್ತಿಗೇರಿತು.

"ನಾಚಿಕೆ ಆಗುದಿಲ್ವಾ ಮಾರಾಯ್ತಿ ನಿನಗೆ? ಗಂಡ ಸತ್ತು ಮೂರು ದಿನ ಆಗ್ಲಿಲ್ಲ, ಅವನ ಮೇಲೆಯೇ ಸುಳ್ಳು ಹೇಳ್ತಿಯಲ್ಲ! ನೀನೂ ಒಂದು ಹೆಂಗಸಾ?"

ಅವಳ ಸಿಟ್ಟು ಅವನದಕ್ಕಿಂತ ದೊಡ್ಡದಿತ್ತು.

"ನಮ್ಮ ಮನಿಯವರು ಜೀವಂತ ಅದಾರ್ರೀ! ಮುಕದ್ದಮನ ಮಂದಿ ಅವರನ್ನ ಹಿಡಕೊಂಡು ಕುಂತಾರ, ಅದಕ್ಕ ಅವ ಹೇಳಿಕೊಟ್ಟಂಗ ಹೇಳಿದೆ. ಸತ್ತಾವನ ಹೆಂಡತಿ ನೀಲಾವತಿ. ಆಕೀನ್ನ ಮದ್ದಿಡೋ ಖೋಲ್ಯಾಗ ಕೂಡಿ ಹಾಕ್ಯಾರ, ಲಗೂನ ಹೋಗಿ ಬಿಡಸರಿ!"

ಕೊರಗಪ್ಪ ಹೆಬ್ಬೆಟ್ಟಿನ ಕಾಗದವನ್ನು ಪಕ್ಕಕ್ಕೆ ಸರಿಸಿದ. "ಇಷ್ಟು ಹೊತ್ತು ಒಂದು ಸನ್ನೆಯನ್ನಾದರೂ ಮಾಡಬಾರದಿತ್ತಾ?"

"ಐದು ಸಲ ಮಾಡಿದ್ನೆಲ್ರೀ! ಕಟಗೊಂಡ ಗಂಡನ ಹೆಸರು ಬಾಯಿಬಿಟ್ಟು ಹೇಳೋ ಹೆಣ್ಣಮಗಳನ್ನ ನೀವು ಯಾವ ಊರಾಗ ನೋಡೀರಿ?"