ಇಪ್ಪತ್ನಾಲ್ಕು ಡಿಗ್ರಿ

ಥರ್ಮಾಮೀಟರಿನ ಪಾದರಸ ಇಪ್ಪತ್ನಾಲ್ಕಕ್ಕೆ ಬಂದು ನಿಂತಿತ್ತು. ಅರ್ಚನಾ ಅದನ್ನು ಮತ್ತೆ ನೀರಿಗಿಳಿಸಿದಳು. “ಎಷ್ಟೈತಿ ತಂಗಿ?” ತೆಪ್ಪದ ಆಚೆ ಬದಿಯಿಂದ ಮೀನುಗಾರ ಪಾಲಣ್ಣ ಕೇಳಿದ.

ಅವಳ ಗಂಡ ಗುರುಶಾಂತ ತಂಬ್ರಹಳ್ಳಿಯ ಹಿನ್ನೀರಿನಲ್ಲಿ ಮುಳುಗಿ ಒಂಬತ್ತು ದಿನವಾಗಿತ್ತು. ಮೀನುಗಳ ವಲಸೆಯ ಕುರಿತು ಇಬ್ಬರೂ ಇಲ್ಲೇ ಸಂಶೋಧನೆ ಮಾಡುತ್ತಿದ್ದರು. “ತಣ್ಣೀರು ಹೆಣ ಬಿಟ್ಟುಕೊಡಂಗಿಲ್ಲವ್ವ. ಬೆಚ್ಚಗಾದ ದಿನ ತಾನಾಗೇ ಮ್ಯಾಲ ಬರ್ತಾನ,” ಎಂದು ಪಾಲಣ್ಣನೇ ಹೇಳಿದ್ದ. ಹೆಣ ಸಿಗುವವರೆಗೆ ತಾನು ವಿಧವೆಯಲ್ಲವೆಂದು ಅವಳು ಹಣೆಯ ಕುಂಕುಮ ಅಳಿಸಿರಲಿಲ್ಲ.

“ಹತ್ತೊಂಬತ್ತು, ಅಣ್ಣ. ಇನ್ನೂ ತಣ್ಣಗೇ ಐತಿ.”

“ಹತ್ತೊಂಬತ್ತಾ? ನಿನ್ನ ಗಾಜಿನ ಕಡ್ಡಿಗೂ ಚಳಿ ಹಿಡದೈತೇನವ್ವ?”

ಮೇಲ್ಹೊಳೆಗೆ ಹೊರಟ ಮೀನುಗಳು ನೀರು ತಣ್ಣಗಿರುವಷ್ಟು ದಿನ ನಡುಮಧ್ಯಾಹ್ನದವರೆಗೆ ತಳ ಬಿಡುವುದಿಲ್ಲ. ಅದು ಅವಳಿಗೂ ಪಾಲಣ್ಣನಿಗೂ ಗೊತ್ತಿತ್ತು. ಈಗಿನ್ನೂ ಹೊತ್ತು ಮೂಡುತ್ತಿತ್ತು. ತೆಪ್ಪದ ಮಗ್ಗುಲಲ್ಲೇ ಒಂದು ಮೀನು ಚಿಮ್ಮಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಸುತ್ತಲಿನ ನೀರೆಲ್ಲ ಮೀನಾಯಿತು. ಪಾಲಣ್ಣ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ನೀರಿನುದ್ದಕ್ಕೂ ಮೆಲ್ಲಗೆ ಕಣ್ಣಾಡಿಸತೊಡಗಿದ.