ಭಾವನ ನಾಲಿಗೆ

ಇಂದುಮತಿಯ ಅಣ್ಣನ ಮಗಳ ಮದುವೆಗೆ ಅಡುಗೆಯವರನ್ನು ಗೊತ್ತುಮಾಡಬೇಕಿತ್ತು. ಇಬ್ಬರು ಭಟ್ಟರು ರುಚಿ ನೋಡಲೆಂದು ಒಂದೊಂದು ಪಾತ್ರೆ ಸಾರು ಕಳಿಸಿದ್ದರು. ಹೆಸರಿಗೆ ಮನೆಮಂದಿಯೆಲ್ಲ ಸೇರಿ ಮಾಡುವ ತೀರ್ಮಾನ. ನಡೆಯುವುದು ಮಾತ್ರ ವಾಮನ ಭಾವನ ಮಾತು. ಇವರ ನಾಲಿಗೆಗೇನು ಕೋಡು ಮೂಡಿದೆಯೇ ಎಂದು ಇಂದುಮತಿಗೆ ಮೊದಲಿಂದಲೂ ಉರಿ. ಬಡಿಸುವ ಕೆಲಸ ತಾನೇ ವಹಿಸಿಕೊಂಡು, ಒಂದೇ ಪಾತ್ರೆಯ ಸಾರನ್ನು ಎರಡೆರಡು ಲೋಟಕ್ಕೆ ಬಗ್ಗಿಸಿ ಎಲ್ಲರ ಮುಂದಿಟ್ಟಳು.

ಮೊದಲ ಲೋಟವನ್ನು ಸೊರ್ರೆಂದು ಹೀರಿ ಭಾವ ಕಣ್ಣು ಮುಚ್ಚಿದರು. "ಆಹಾ, ಅಮೃತ!"

ಎರಡನೆಯದಕ್ಕೆ ಮುಖ ಕಿವುಚಿದರು. "ಥೂ, ಕಲಗಚ್ಚು!"

ಉಳಿದವರೂ ಹೀರಿದರು. ಅವರಿಗೂ ಮೊದಲನೆಯದು ಅಮೃತ, ಎರಡನೆಯದು ಕಲಗಚ್ಚು.

ಇಂದುಮತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಎರಡೂ ಒಂದೇ ಪಾತ್ರೆ ಸಾರು! ಒಬ್ಬರೇ ಭಟ್ಟರು ಮಾಡಿದ್ದು! ಈಗೇನಂತೀರಿ ಭಾವ?"

ಅಣ್ಣ ಹೌಹಾರಿ ಎದ್ದುನಿಂತ.

"ಯಾರೇ ಇಂದೂ ಆ ಭಟ್ಟ? ಒಂದೇ ಪಾತ್ರೆ ಸಾರಿಗೆ ಲೋಟಕ್ಕೊಂದು ರುಚಿ ಬಂದ್ರೆ, ಸಾವಿರ ಎಲೆ ಬಡಿಸುವಾಗ ನಮ್ಮ ಗತಿಯೇನು? ಪುಣ್ಯಕ್ಕೆ ಭಾವ ಕಂಡುಹಿಡಿದುಬಿಟ್ರು!"