ಹಿತ್ತಿಲ ಮೆಟ್ಟಿಲು

ಕಡಲು ತಣ್ಣಗಾಗಿ ಪುಟ್ಟ ನೀಲಿ ಪೆಂಗ್ವಿನ್‌ಗಳು ನಮ್ಮ ಮಲ್ಪೆಯಲ್ಲಿ ನೆಲೆಸಿದ್ದು ಅಜ್ಜಿಯ ಕಾಲದಲ್ಲಿ. ಮುಸ್ಸಂಜೆ ಅವು ನಮ್ಮ ಹಿತ್ತಿಲು ದಾಟಿ ತೆಂಗಿನ ಬುಡದ ಗೂಡುಗಳಿಗೆ ಹೋಗುವಾಗ ಯಾರೂ ಮಾತಾಡುವುದಿಲ್ಲ. ದೇವರ ದೀಪವೂ ಆಮೇಲೆಯೇ.

ನನ್ನನ್ನು ನೋಡಲು ಬಂದ ಯತೀಶರನ್ನು ದೊಡ್ಡಮ್ಮ ಬೇಕೆಂದೇ ಆ ಹೊತ್ತಿಗೆ ಹಿತ್ತಿಲಿಗೆ ಕರೆತಂದರು.

"ಇಬ್ರೂ ಸ್ವಲ್ಪ ಮಾತಾಡ್ಕೊಳ್ಳಿ," ಎಂದವರು ನನ್ನ ಕಿವಿಯಲ್ಲಿ, "ಹೆದರ್ಬೇಡ ಮಾರಾಯ್ತಿ, ಅವು ಮಾತಾಡ್ಲಿಕ್ಕೆ ಬಿಡುದಿಲ್ಲ," ಎಂದು ಒಳಗೆ ಹೋದರು.

ಹಿಂದೊಮ್ಮೆ ನನ್ನನ್ನು ನೋಡಲು ಬಂದಿದ್ದ ವರ ಮೊಬೈಲ್ ಬೆಳಗಿಸಿ ಹಿಂಡನ್ನೇ ಕಡಲಿಗೆ ಓಡಿಸಿದ್ದ. ಅವನನ್ನು ಬೇಡವೆನ್ನಲು ನನಗೆ ಅಷ್ಟೇ ಸಾಕಾಗಿತ್ತು. ಇವರೇನು ಮಾಡುತ್ತಾರೋ ಎಂದು ಮೆಟ್ಟಿಲ ಮೇಲೆ ಮುದುಡಿ ಕೂತೆ.

ಹಕ್ಕಿಗಳು ಒದ್ದೆಯಾಗಿ, ಓಲಾಡುತ್ತಾ ಬಂದವು. ಒಂದು ನೇರವಾಗಿ ಯತೀಶರ ಬರಿಗಾಲ ಮೇಲೆ ಹತ್ತಿ ನಿಂತು ನಿಧಾನವಾಗಿ ಮೈ ಕೊಡವಿಕೊಂಡಿತು. ಹೊಸ ಪ್ಯಾಂಟೆಲ್ಲ ಉಪ್ಪುನೀರು. ಅವರು ಉಸಿರು ಬಿಗಿಹಿಡಿದು ನಿಂತರು, ಕಣ್ಣಲ್ಲಿ ಮಾತ್ರ ನಗು ತುಳುಕುತ್ತಿತ್ತು.

ಕೊನೆಯ ಹಕ್ಕಿಯೂ ಗೂಡು ಸೇರಿದ ಮೇಲೆ ಪಿಸುಗುಟ್ಟಿದರು: "ನಾಳೆಯೂ ಬರ್ತಾವಾ ಇವು? ಎಲ್ಲಿ ಕೂತ್ರೆ ಚೆನ್ನಾಗಿ ಕಾಣ್ತದೆ?"

ನಾನು ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿದೆ.

"ಇಲ್ಲಿ," ಎಂದೆ, ಒಳಗಿದ್ದ ದೊಡ್ಡಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ.